ಏಳು ಕೆ.ಜಿ. ಚೀಲ ಹೊತ್ತು ಊರಿಗಾಂ ಮದುವೆಗೆ

ಹುಬ್ಬಳ್ಳಿಯಲ್ಲಿ ವಿಮಾನ ಹತ್ತುವ ಮುನ್ನ ಕ್ಯಾಮರಾ ಚೀಲವನ್ನು ಮನೆಯಲ್ಲೇ ಮೂರು ಸಲ ತೂಗಿದೆ. ಜೊತೆಯಲ್ಲಿ ಒಯ್ಯಲು ಏಳು ಕೆ.ಜಿ. ಮಿತಿ. ಲಗೇಜಿಗೆ ಹಾಕಿದ ಲೆನ್ಸು ಒಮ್ಮೆ ಒಡೆದು ಬಂದಾಗಿನಿಂದ ನಾನು ಚೀಲವನ್ನು ಯಾರ ಕೈಗೂ ಕೊಡುವುದಿಲ್ಲ. ಹೆಚ್ಚುವರಿ ಬ್ಯಾಟರಿಗಳನ್ನಂತೂ ಜೊತೆಗೇ ಇಟ್ಟುಕೊಳ್ಳಬೇಕು. ಹೀಗಾಗಿ ಮೊಳದುದ್ದದ ಜೂಮ್ ಲೆನ್ಸ್, ಟ್ರೈಪಾಡ್, ಫ್ಲಾಶ್ ಎಲ್ಲ ಮನೆಯಲ್ಲೇ ಉಳಿದವು. ಅಂಗೈಯಗಲದ ಎರಡು ಕ್ಯಾಮರಾ, ಎರಡು ಗಿಡ್ಡ ಲೆನ್ಸ್, ಆರು ಬ್ಯಾಟರಿ, ಎರಡು ಜೊತೆ ಬಟ್ಟೆ. ಒಂದು ಕ್ಯಾಮರಾ ಕೈಕೊಟ್ಟರೆ ಇನ್ನೊಂದು ಬೇಕೇ ಬೇಕು. ಮದುವೆಯನ್ನು ಎರಡನೇ ಸಲ ಮಾಡಿಸಲಾಗುವುದಿಲ್ಲ. “ಇಷ್ಟ ತಗೊಂಡು ಮದುವಿ ಫೋಟೋ ತಗೀಲಿಕ್ಕೆ ಹೊಂಟೀರೇನ್ರಿ?” ಎಂದು ಹೆಂಡತಿ ನಕ್ಕಳು.

ಆದರೆ ನನ್ನನ್ನು ಕರೆಸಿದ್ದೇ ಈ ಪುಟ್ಟ ಕ್ಯಾಮರಾಕ್ಕಾಗಿ. ಮದುಮಗಳು ಶಶಿಕಲಾ ಬೇತಮಂಗಲದಲ್ಲಿ ಟೀಚರ್. ಗೆಳತಿಯ ಮದುವೆಗೆಂದು ಹುಬ್ಬಳ್ಳಿಗೆ ಬಂದಾಗ ನನ್ನ ಕೆಲಸ ನೋಡಿದ್ದಳು. ಫೋನಿನಲ್ಲಿ ಕೇಳಿದ್ದು ಒಂದೇ. “ಅಣ್ಣ, ನಮ್ಮಪ್ಪ ಗಣೀಲಿ ಕೆಲ್ಸ ಮಾಡ್ದೋರು, ಎದೇಲಿ ಧೂಳು ಕುಂತೈತೆ. ಕ್ಯಾಮರಾ ಕಂಡ್ರೆ ಸಾಕು, ಎಲ್ಲಿ ಕೆಮ್ಮು ಬತ್ತದೋ ಅಂತ ಉಸಿರು ಬಿಗಿ ಇಡ್ಕೊಂಡು ನಿಂತ್ಬಿಡ್ತಾರೆ. ಅಪ್ಪ ಅಪ್ಪನಂಗೇ ಇರೋ ಒಂದು ಫೋಟೋ ಬೇಕು. ಡಾಕ್ಟ್ರು ಧೈರ್ಯ ಕೊಡ್ತಿಲ್ಲ.”

ಬೆಂಗಳೂರಿಗೆ ಒಂದು ಗಂಟೆಯ ಹಾರಾಟ. ಅಲ್ಲಿಂದ ರೈಲು ನಿಲ್ದಾಣಕ್ಕೆ ಬಸ್ಸಿನಲ್ಲಿ ಅದಕ್ಕಿಂತ ಹೆಚ್ಚು ಹೊತ್ತು. ಬಂಗಾರಪೇಟೆಯವರೆಗಿನ ಸುಮಾರು ಎಪ್ಪತ್ತು ಕಿಲೋಮೀಟರನ್ನು ಚೀಲ ಎದೆಗವಚಿಕೊಂಡು ನಿಂತೇ ಕಳೆದೆ. ಇಳಿದವನು ಪಾನಿಪುರಿ ಗಾಡಿಗೆ ಹೋದೆ. ಅಲ್ಲಿಯ ಪಾನಿ ಕುಡಿಯುವ ನೀರಿನಷ್ಟೇ ತಿಳಿ. ಇದರಲ್ಲೇನಿದೆ ಎಂದು ಬಾಯಿಗಿಟ್ಟೆ. ಕಣ್ಣು ಮೂಗಿನಲ್ಲೆಲ್ಲ ನೀರು ಬಂತು. ಮುಂದಿನ ರೈಲಿಗೆ ಕಾಯದೆ ಬಸ್ಸು ಹಿಡಿದು, ಬಿಸಿಲು ಇಳಿಯುವ ಹೊತ್ತಿಗೆ ಚಿನ್ನದ ಗಣಿಯ ಊರಾದ ಊರಿಗಾಂ ಸೇರಿದೆ.

ಸಂಜೆ ಆರತಕ್ಷತೆಯಲ್ಲಿ ಫಜೀತಿ ಶುರುವಾಯಿತು. ಇಲ್ಲಿಯವರು ಉಡುಗೊರೆಯನ್ನು ಮದುಮಕ್ಕಳ ಕೈಗಿಟ್ಟರೂ ತಮ್ಮ ಕೈ ತೆಗೆಯುವುದಿಲ್ಲ; ಫ್ಲಾಶ್ ಮಿಂಚಿದ ಮೇಲೆಯೇ ಬಿಡುವುದು. ನನ್ನ ಕ್ಯಾಮರಾಕ್ಕೆ ಫ್ಲಾಶೂ ಇಲ್ಲ, ಸದ್ದೂ ಇಲ್ಲ. ನಾನು ತೆಗೆದೇ ತೆಗೆದೆ, ಅವರು ಕುಕ್ಕರ್ ಹಿಡಿದು ನಿಂತೇ ನಿಂತರು. ಸಾಲು ಊಟದ ಮನೆಯವರೆಗೆ ಬೆಳೆಯಿತು. ಮದುಮಗಳ ಸೋದರಮಾವ, ಕ್ಯಾಸಂಬಳ್ಳಿಯ ನಾರಾಯಣಪ್ಪ, ನನ್ನ ಬಳಿಯೇ ಬಂದು ಕೇಳಿದರು: “ಏನಪ್ಪಾ, ಫೋಟೋದೋರು ಇನ್ನೂ ಬರ್ಲಿಲ್ವಾ?”

“ನಾನೇ ರೀ.”

“ಇದಾ ಕ್ಯಾಮರಾ? ನನ್ನ ಫೋನೇ ಇದಕ್ಕಿಂತ ದೊಡ್ಡದೈತಲ್ಲಪ್ಪೋ!”

ಸಿಟ್ಟು ಬಂತು. ಆದರೆ ತಪ್ಪು ನನ್ನದೇ. ಭಾರ ಇಳಿಸುವ ಹುಚ್ಚಿನಲ್ಲಿ ಪುಟ್ಟ ಫ್ಲಾಶೊಂದನ್ನೂ ತಂದಿರಲಿಲ್ಲ. ಕೊನೆಗೆ ನಾರಾಯಣಪ್ಪನವರೇ ಪಕ್ಕದ ಸ್ಟುಡಿಯೋದಿಂದ ಛತ್ರಿ ಕಟ್ಟಿದ ದೊಡ್ಡ ಲೈಟು ತಂದು, ನಾನು ತಲೆಯಾಡಿಸಿದಾಗಲೆಲ್ಲ ಅದರ ಗುಂಡಿ ಒತ್ತತೊಡಗಿದರು. ನನ್ನ ಫೋಟೋಕ್ಕೂ ಆ ಬೆಳಕಿಗೂ ಯಾವ ಸಂಬಂಧವೂ ಇರಲಿಲ್ಲ. ಆದರೂ ಬೆಳಕು ಮಿಂಚಿತು, ಕೈಗಳು ಉಡುಗೊರೆ ಬಿಟ್ಟವು, ಸಾಲು ಸರಿಯಿತು. ಮದುಮಗಳ ಅಪ್ಪ ಮುನಿಸ್ವಾಮಪ್ಪ ವೇದಿಕೆಗೆ ಬಂದಾಗ ಮಾತ್ರ ಆ ಲೈಟಿನ ಎದುರು ಉಸಿರು ಕಟ್ಟಿ ಸೆಟೆದು ನಿಂತರು. ತೆಗೆದ ಮೂರು ಫೋಟೋಗಳೂ ಹಾಗೆಯೇ ಬಂದವು. ನಾನು ಇಷ್ಟು ದೂರ ಬಂದದ್ದು ದಂಡವಾಯಿತು ಅನ್ನಿಸಿತು.

ಮರುದಿನ ಬೆಳಿಗ್ಗೆ ಧಾರೆ ಮುಗಿದ ಮೇಲೆ ಅವರು ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ನಾನು ಪಕ್ಕದಲ್ಲಿ ಕಾಫಿ ಕುಡಿಯುತ್ತಿದ್ದೆ. ನಾರಾಯಣಪ್ಪ ಇನ್ನೂ ಲೈಟು ಬಿಟ್ಟಿರಲಿಲ್ಲ. ನೆಂಟರಿಗೆ ಇಂಗೆ ನಿಲ್ಲಿ, ಅಂಗೆ ನಿಲ್ಲಿ ಎಂದು ಜೋರು ಮಾಡುತ್ತಿದ್ದರು.

“ನಮ್ಮ ಭಾಮೈದ ನೋಡಪ್ಪಾ! ರಾತ್ರಿ ಬೆಳಗಾಗೋದ್ರಲ್ಲಿ ಫೋಟೋಗ್ರಾಫರ್ ಆಗೋಗವ್ನೆ!” ಎಂದು ಮುನಿಸ್ವಾಮಪ್ಪ ನಕ್ಕರು. ನಗು ಕೆಮ್ಮಾಯಿತು, ಟವೆಲ್ಲಿನಿಂದ ಬಾಯೊರೆಸಿಕೊಂಡು ಮತ್ತೆ ನಕ್ಕರು. ತೊಡೆಯ ಮೇಲಿದ್ದ ಕ್ಯಾಮರಾವನ್ನು ಎತ್ತದೆಯೇ ಒತ್ತಿದೆ.

ಮುಚ್ಚಿಡಲು ಮನಸ್ಸಾಗಲಿಲ್ಲ, ತೋರಿಸಿದೆ. ಬಹಳ ಹೊತ್ತು ನೋಡಿದರು. “ಚೆಂದಾಗೈತೆ. ಇದನ್ನ ಮಗೀಗೆ ಕೊಡು. ಗೋಡೆಗೆ ಆಕೋಕೆ ಬ್ಯಾರೆ ತಗಿ. ನಾಳೆ ಊವ ಆಕಿ ಕೈ ಮುಗಿಯೋರು ಬತ್ತಾರೆ, ಅದ್ರಲ್ಲಿ ಕೆಮ್ತಾ ಕುಂತಿರ್ಬಾರ್ದು.”

ಇಷ್ಟು ದಿನವೂ ಪ್ರತಿ ಫೋಟೋಕ್ಕೂ ಅವರು ಹಾಗೆ ನಿಂತದ್ದು ಆ ಗೋಡೆಗಾಗಿಯೇ. ಅವರು ಎದ್ದು ಶಲ್ಯ ಸರಿಮಾಡಿಕೊಂಡು ಉಸಿರು ಹಿಡಿದರು. ಬೇಗ ತೆಗೆದೆ.

ಹೊರಡುವಾಗ ಎರಡನ್ನೂ ಶಶಿಕಲಾಗೆ ತೋರಿಸಿ, ಅಪ್ಪ ಹೇಳಿದ್ದನ್ನೂ ಹೇಳಿದೆ. ನಗುವ ಫೋಟೋ ನೋಡಿ ಅತ್ತಳು. ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕಳಿಸಿ ಎಂದಳು. “ಇನ್ನೊಂದೂ ಕಳಸ್ಲೇನವಾ?” ಎಂದೆ.

“ಅದು ನಿಮ್ತಾವೇ ಇರ್ಲಿ ಅಣ್ಣ. ನಾನಾಗೇ ಕೇಳ್ತೀನಿ.”

ಹುಬ್ಬಳ್ಳಿಗೆ ಮರಳಿ ನಾಲ್ಕು ತಿಂಗಳಾಯಿತು. ಅವಳು ಇನ್ನೂ ಕೇಳಿಲ್ಲ.