ಬೆಲ್ಲದ ಪೆಟ್ಟಿಗೆಗೆ ಹಾಕಿದ ಕೊಸರು

ಭಾವ ತೀರಿಕೊಂಡ ಮೇಲೆ ನನ್ನಕ್ಕ ಅಕ್ಕಿಹೆಬ್ಬಾಳಿನ ನಮ್ಮ ಮನೆಗೆ ಬಂದಳು. ಬಂದ ಹೊಸದರಲ್ಲೇ ಹೇಳಿಬಿಟ್ಟಳು: "ಸ್ವಲ್ಪ ದಿನ ಕಣ್ಲಾ. ನಂದೂ ಅಂತ ಒಂದು ಒಲೆ ಹೂಡ್ಕೊಳೋಗಂಟ." ನನ್ನ ಹೆಂಡತಿ ಕೆಟ್ಟವಳಲ್ಲ, ಅಕ್ಕನೂ ಜಗಳಗಂಟಿಯಲ್ಲ. ಆದರೂ ಒಂದು ಅಡುಗೆಮನೆಗೆ ಇಬ್ಬರು ಯಜಮಾನಿಯರೆಂದರೆ ಒಂದೇ ಒರೆಯಲ್ಲಿ ಎರಡು ಕತ್ತಿ.

ದಾರಿ ತೋರಿಸಿದವನು ನಾನೇ. ಊರ ಪಕ್ಕದ ಆಲೆಮನೆಯಿಂದ ಒಳ್ಳೆಯ ಬೆಲ್ಲ ತಂದು, ಕೆಜಿಯ ಪೆಟ್ಟಿಗೆ ಕಟ್ಟಿ, ಆನ್‌ಲೈನ್ ಅಂಗಡಿಯೊಂದರಲ್ಲಿ ಮಾರುವುದು. ಫೋನಿನ ಕೆಲಸ ನನ್ನದು, ಬೆಲ್ಲದ ಕೆಲಸ ಅವಳದು. ಪೆಟ್ಟಿಗೆ ಸೇರಿ ಎಷ್ಟು ತೂಗುತ್ತದೆಂದು ಮೊದಲೇ ನೋಡಿ ಆ ಅಂಗಡಿ ನಡೆಸುವ ಕಂಪನಿಗೆ ತಿಳಿಸಿದ್ದೆ. ಅವಳು ಪೆಟ್ಟಿಗೆಗಳನ್ನು ಬಸ್ಸಿನಲ್ಲಿ ಕೆ.ಆರ್. ಪೇಟೆಗೆ ಒಯ್ದು ಕೊರಿಯರ್‌ಗೆ ಕೊಟ್ಟು ಬರುತ್ತಿದ್ದಳು. ದೀಪಾವಳಿಯ ಹೊತ್ತಿಗೆ ವ್ಯಾಪಾರ ಕುದುರಿತು. ಹೊಸಹೊಳಲು ರಸ್ತೆಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ನೋಡಿ, ಹಬ್ಬದ ದುಡ್ಡು ಬಂದ ಕೂಡಲೇ ಮುಂಗಡ ಕೊಡುತ್ತೇನೆಂದು ಮಾತು ಕೊಟ್ಟು ಬಂದಳು. ಒಲೆ ಎಲ್ಲಿ, ನೀರಿನ ಕೊಡ ಎಲ್ಲಿ ಎಂಬುದೂ ತೀರ್ಮಾನವಾಗಿತ್ತು.

ದುಡ್ಡು ಬರಲಿಲ್ಲ. ಬಂದದ್ದು ಕಡಿತದ ಪಟ್ಟಿ. ಪೆಟ್ಟಿಗೆಗಳೆಲ್ಲ ನಾವು ಹೇಳಿದ್ದಕ್ಕಿಂತ ಹೆಚ್ಚು ತೂಗಿವೆಯಂತೆ. ಅದಕ್ಕೆ ಸಾಗಣೆ ದರ ಹೆಚ್ಚು, ತಪ್ಪು ತೂಕ ಹೇಳಿದ್ದಕ್ಕೆ ಮೇಲೊಂದು ದಂಡ. ಮಾರಿದ್ದೆಲ್ಲ ಅದಕ್ಕೇ ಹೋಗಿ ನಾವೇ ಬಾಕಿದಾರರಾಗಿದ್ದೆವು. ಹಗಲುದರೋಡೆ ಎಂದು ನಾನು ಜಗಲಿಯಲ್ಲಿ ನಿಂತು ಕೂಗಾಡಿದೆ.

ಅಕ್ಕ ಮಾತ್ರ ಮೆಲ್ಲಗೆ, "ಕೊಸರು ಹಾಕಿದ್ನಲ್ಲ" ಅಂದಳು.

"ಏನ್ ಕೊಸರು?"

"ಪೆಟ್ಗೆಗೆ ಒಂದೊಂದು ಉಂಡೆ ಬೆಲ್ಲ ಜಾಸ್ತಿ. ತಿನ್ನೋ ಪದಾರ್ಥವ ಮುಳ್ಳಿಗೆ ಸರಿಯಾಗಿ ತೂಗಿ ಕೊಟ್ಟಾರೇನ್ಲಾ ಯಾರಾದ್ರೂವೆ?"

ನಮ್ಮ ಕಡೆ ಯಾರೂ ಕೊಡುವುದಿಲ್ಲ, ನಿಜ. ಸಂತೆಯಲ್ಲಿ ತೂಗಿದ ಮೇಲೂ ಇನ್ನೊಂದು ಬದನೆಕಾಯಿ ಹಾಕಿಸಿಕೊಳ್ಳದೆ ಚೀಲ ಎತ್ತುವವರುಂಟೆ? ಕೊಂಡವರು ಆನ್‌ಲೈನ್‌ನಲ್ಲಿ ಹೊಗಳಿ ಬರೆದದ್ದೂ ಆ ಉಂಡೆಯನ್ನೇ ಇರಬೇಕು. ನಾನು ಬರೀ ಬೆಲ್ಲದ ರುಚಿ ಅಂದುಕೊಂಡಿದ್ದೆ.

ಕಂಪನಿಗೆ ದೂರು ಕೊಟ್ಟೆ. ಕಟ್ಟಿದ ಪೆಟ್ಟಿಗೆಯನ್ನು ತೂಕದ ಯಂತ್ರದ ಮೇಲಿಟ್ಟು ಫೋಟೊ ಕಳಿಸಿ ಎಂದರು. ಉಂಡೆ ತೆಗೆದು ಫೋಟೊ ಹಿಡಿಯೋಣ ಅಂದರೆ ಅಕ್ಕ ಪೆಟ್ಟಿಗೆಯನ್ನೇ ಕೈಗೆ ಕೊಡಲಿಲ್ಲ.

"ತಕ್ಕಡಿ ಮ್ಯಾಲೆ ಸುಳ್ಳು ಬ್ಯಾಡ. ಇದ್ದದ್ದ ಇದ್ದಂಗೆ ಬರಿ. ಅವ್ರೂ ಮನುಷ್ರಲ್ವಾ?"

ಬರೆದೆ. ಆ ಉಂಡೆ ಮಾರಾಟದ್ದಲ್ಲ, ಅದಕ್ಕೆ ಬೆಲೆ ಹಾಕಿಲ್ಲ, ಕೊಸರು ಕೊಡುವುದು ನಮ್ಮ ಪದ್ಧತಿ, ಇನ್ನು ಮುಂದೆ ತೂಕ ಸರಿಯಾಗಿ ಹೇಳುತ್ತೇವೆ, ದಂಡ ಒಂದನ್ನಾದರೂ ಬಿಡಿ. ಫೋನು ಕೆಳಗಿಡುವಷ್ಟರಲ್ಲಿ ಉತ್ತರ ಬಂತು: ಹೆಚ್ಚುವರಿ ತೂಕವನ್ನು ಮಾರಾಟಗಾರರು ಒಪ್ಪಿಕೊಂಡಿದ್ದಾರೆ, ದೂರು ಮುಕ್ತಾಯವಾಗಿದೆ. ಮತ್ತೆ ಬರೆದೆ, ಅದೇ ಉತ್ತರ. ಫೋನ್ ಮಾಡಿದರೆ ಒಂದನ್ನು ಒತ್ತಿ, ಎರಡನ್ನು ಒತ್ತಿ ಎನ್ನುವ ಯಂತ್ರದ ದನಿ. ಬಯ್ಯೋಣವೆಂದರೆ ಆ ಕಡೆ ಒಬ್ಬ ಮನುಷ್ಯನಿರಲಿಲ್ಲ. ಅಷ್ಟು ಅಸಹಾಯಕನಾಗಿ ನಾನು ಯಾವತ್ತೂ ಕೂತಿರಲಿಲ್ಲ.

ಶ್ರೀರಂಗಪಟ್ಟಣದ ಪರಿಚಯದ ವಕೀಲರಿಗೆ ತೋರಿಸಿದೆ. "ನೀವೇ ಕೈಯಾರೆ ಬರ್ದು ಕೊಟ್ಬುಟ್ಟಿದ್ದೀರಲ್ಲ ಸ್ವಾಮಿ" ಅಂದರು. ಸೇರುವಾಗ ನಾವು ಒಪ್ಪಿದ ಕರಾರಿನ ಪ್ರಕಾರ ವ್ಯಾಜ್ಯವೇನಿದ್ದರೂ ಹೊರ ರಾಜ್ಯದ ಕೋರ್ಟಿನಲ್ಲಂತೆ. ಬೆಲ್ಲದ ಪೆಟ್ಟಿಗೆಗಾಗಿ ಅಷ್ಟು ದೂರ ಅಲೆಯುವ ತಾಕತ್ತು ಯಾರಿಗಿದೆ? ಬಾಕಿ ತೀರುವವರೆಗೆ ಮುಂದೆ ಮಾರಿದ್ದೂ ಅವರಿಗೇ ಎಂದು ತಿಳಿದ ಮೇಲೆ ಅಕ್ಕ ಉಳಿದ ಬೆಲ್ಲವನ್ನು ಆಲೆಮನೆಗೇ ಹಿಂದಿರುಗಿಸಿದಳು. ಹೊಸಹೊಳಲು ರಸ್ತೆಯ ಮನೆಗೆ ಬೇರೆ ಯಾರೋ ಬಂದರು.

ಅವಳು ಅಳಲಿಲ್ಲ, ನನ್ನನ್ನೂ ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತು. ಇಲ್ಲಿಗೆ ಬಂದಾಗಿನಿಂದ ಬೆಳಿಗ್ಗೆ ತಾನೇ ಅಡುಗೆಮನೆಗೆ ಹೋಗಿ ಕಾಫಿ ಕಾಯಿಸಿಕೊಳ್ಳುತ್ತಿದ್ದವಳು ಈಗ ಲೋಟ ಹಿಡಿದು ಬಾಗಿಲ ಹೊರಗೆ ನಿಲ್ಲುತ್ತಾಳೆ.

"ಒಂಚೂರು ಹಾಲು ತಕ್ಕಳ್ಲೇನವ್ವಾ?" ಎಂದು ತನಗಿಂತ ಎಷ್ಟೋ ಚಿಕ್ಕವಳಾದ ನನ್ನ ಹೆಂಡತಿಯನ್ನು ಕೇಳುತ್ತಾಳೆ.

"ಇದೇನತ್ಗೆ, ಕೇಳಿ ತಗಬೇಕಾ?" ಎಂದು ಅವಳು ಬೈಯುತ್ತಾಳೆ.

ಅಕ್ಕ ತಲೆಯಾಡಿಸುತ್ತಾಳೆ. ಮಾರನೆಯ ದಿನ ಮತ್ತೆ ಕೇಳುತ್ತಾಳೆ.