ಅಲುಗದ ಮುಳ್ಳು

ಬೀದಿಯವರಿಗೆಲ್ಲ ಅವರು ಮೀಟರ್ ಮಾವ. ನಿಜವಾಗಿ ಮಾವನಾಗಿದ್ದದ್ದು ಒಬ್ಬಳಿಗೆ ಮಾತ್ರ, ಆಸ್ಪತ್ರೆಯ ಆಂಬುಲೆನ್ಸ್ ಓಡಿಸುವ ಸೊಸೆಗೆ. ನಲವತ್ತು ವರ್ಷಗಳಿಂದ ಅವರದು ಒಂದೇ ಕಸುಬು, ಗಾಡಿಗಳ ಡ್ಯಾಶ್‌ಬೋರ್ಡಿನ ಮೀಟರ್ ರಿಪೇರಿ. ಇಬ್ಬರು ಒಳಗಿದ್ದರೆ ಮೂರನೆಯವನು ಹೊರಗೇ ನಿಂತು ಮಾತಾಡಬೇಕಾದಂಥ ಅಂಗಡಿ. ಮೂಲೆಯಲ್ಲೊಂದು ಸ್ಟವ್, ಅದರ ಮೇಲೆ ಮಸಿ ಹಿಡಿದ ನೀರಿನ ಪಾತ್ರೆ. ಎಂಜಿನ್ ಬಿಸಿ ತೋರಿಸುವ ಮೀಟರ್ ರಿಪೇರಿಗೆ ಬಂದರೆ ಅದರ ಸೆನ್ಸರನ್ನು ಕಾಯುವ ನೀರಿಗೆ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು, ಏಳುವ ಹಬೆಗೆ ಅಂಗೈ ಒಡ್ಡಿ ಕೂರುತ್ತಿದ್ದರು. ಈಗೀಗ ಕೈ ನೋಡಿಕೊಂಡು ಥರ್ಮಾಮೀಟರನ್ನೇ ತಿದ್ದುತ್ತಾರೆ ಎಂದು ಬೀದಿಯವರು ತಮಾಷೆ ಮಾಡುತ್ತಿದ್ದರು. ಸೊಸೆಯೂ ಅದನ್ನು ತಮಾಷೆ ಎಂದೇ ತಿಳಿದಿದ್ದಳು.

ಅವರದೊಂದು ಹಟವಿತ್ತು. ಮೀಟರನ್ನು ಅವರು ಎಂದೂ ನೆಟ್ಟಗೆ ಕೂರಿಸಿದವರಲ್ಲ. ಎಣ್ಣೆಯ ಒತ್ತಡದ್ದು, ಬಿಸಿಯದ್ದು, ಬ್ಯಾಟರಿಯದ್ದು, ಎಲ್ಲ ಸರಿಯಿದ್ದಾಗ ಮೂರರ ಮುಳ್ಳೂ ನೇರ ಮೇಲಕ್ಕೆ ನಿಲ್ಲುವ ಹಾಗೆ ಒಂದೊಂದನ್ನೂ ತಿರುಗಿಸಿ ಬಿಗಿಯುತ್ತಿದ್ದರು. ಹಾಗೆ ಮಾಡಿದರೆ ಅಂಕಿಗಳು ಅಡ್ಡಡ್ಡ ಮಲಗುತ್ತಿದ್ದವು.

“ಅಂಕಿ ಓದೋಕೆ ನಾನು ಕತ್ತು ಹೊರಳಿಸ್ಕೊಂಡು ಗಾಡಿ ಓಡಿಸ್ಬೇಕಾ ಮಾವ?” ಎಂದು ಸೊಸೆ ಮೊದಲ ಸಲ ನೋಡಿದಾಗ ನಕ್ಕಿದ್ದಳು.

“ಓದೋದೇನಿದ್ರೂ ಮನೇಲಿ ಓದ್ಕೋ. ರಸ್ತೆ ನೋಡ್ತಾ ಇರು. ಮೂರರಲ್ಲಿ ಒಂದು ವಾಲಿದ್ರೂ ಕಣ್ಣಂಚಿಗೇ ಗೊತ್ತಾಗುತ್ತೆ.”

ಗೊತ್ತಾಯಿತು ಕೂಡ. ಎರಡು ವರ್ಷದ ಹಿಂದೆ, ಹೆರಿಗೆ ನೋವಿನ ಹೆಂಗಸೊಬ್ಬಳನ್ನು ಮಲಗಿಸಿಕೊಂಡು ಬೆಟ್ಟದ ದಾರಿ ಹತ್ತುತ್ತಿದ್ದಾಗ ನಡುವಿನ ಬಿಸಿಯ ಮುಳ್ಳು ಒಂದಿಷ್ಟೇ ಬಲಕ್ಕೆ ವಾಲಿತು. ಸೊಸೆ ಗಾಡಿ ನಿಲ್ಲಿಸಿ, ಸಡಿಲವಾಗಿದ್ದ ನೀರಿನ ಪೈಪು ಬಿಗಿದು, ಹತ್ತು ನಿಮಿಷದಲ್ಲಿ ಮತ್ತೆ ಹೊರಟಳು. ಮಗು ಆಸ್ಪತ್ರೆಯಲ್ಲೇ ಹುಟ್ಟಿತು.

ಈಗ ಆ ಗಾಡಿ ಗುಜರಿಗೆ ಹೊರಟಿತ್ತು. ಅದರ ಜಾಗಕ್ಕೆ ಬಂದದ್ದರಲ್ಲಿ ಡ್ಯಾಶ್‌ಬೋರ್ಡ್ ತುಂಬ ಒಂದೇ ಪರದೆ. ಮೀಟರೂ ಚಿತ್ರ, ಮುಳ್ಳೂ ಚಿತ್ರ. ಬೆಟ್ಟದ ದಾರಿಯಲ್ಲಿ ಒಮ್ಮೆ ಓಡಿಸಿ ನೋಡಿ ಒಪ್ಪಿಗೆಯ ಸಹಿ ಹಾಕು ಎಂದು ಆಸ್ಪತ್ರೆಯವರು ಸೊಸೆಗೆ ಹೇಳಿದ್ದರು. ಅವಳು ಸಹಿ ಹಾಕಿದರೆ ಅಂಥವೇ ಐದು ಗಾಡಿಗಳು ಮಾರನೆಯ ದಿನದಿಂದ ರೋಗಿಗಳನ್ನು ಹೊತ್ತು ಆ ದಾರಿ ಹತ್ತಬೇಕು.

“ನಾನೂ ಬರ್ತೀನಿ,” ಎಂದರು ಮಾವ. “ಅದನ್ನ ನಂಬಿ ನಿನ್ನ ಬೆಟ್ಟಕ್ಕೆ ಕಳಿಸಬಹುದಾ ಅಂತ ನೋಡ್ಬೇಕು.”

ಹೊರಟಾಗ ಮುಂದೆ ಸೊಸೆಯ ಪಕ್ಕದಲ್ಲಿ ಮಾವ, ಹಿಂದೆ ರೋಗಿಯ ಬದಲು ಮರಳಿನ ಮೂಟೆಗಳು. ಅವುಗಳ ಪಕ್ಕದಲ್ಲಿ ಗಾಡಿ ತಯಾರಿಸಿದ ಕಂಪನಿಯ ಎಂಜಿನಿಯರ್, ಮೂವತ್ತರ ಆಸುಪಾಸಿನ ಹೆಂಗಸು, ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಳು. ಏರು ಶುರುವಾಗುತ್ತಿದ್ದಂತೆ ಮಾವ ಹೀಟರ್ ಹಾಕು ಎಂದರು. ಸುಡು ಮಧ್ಯಾಹ್ನ, ಸೊಸೆಗೆ ಇವರಿಗೆ ತಲೆ ನೆಟ್ಟಗಿದೆಯೇ ಎನ್ನಿಸಿತು. ಆದರೂ ಹಾಕಿದಳು. ಎಂಜಿನ್ನಿನ ಬಿಸಿಯನ್ನೇ ಹೊತ್ತು ಬರುವ ಆ ಗಾಳಿಗೆ ಮಾವ ಅಂಗೈ ಒಡ್ಡಿದರು.

“ತೊಂಬತ್ತೊಂದು ಡಿಗ್ರಿ.”

ಪರದೆಯಲ್ಲಿ ಬಿಸಿಯ ಮುಳ್ಳು ನಟ್ಟನಡುವೆ ನಿಂತಿತ್ತು. ಇನ್ನೆರಡು ತಿರುವು ಕಳೆದ ಮೇಲೆ “ತೊಂಬತ್ತಾರು” ಎಂದರು. ಮುಳ್ಳು ಅಲ್ಲೇ ಇತ್ತು. ಕಡಿದಾದ ಏರಿನಲ್ಲಿ ಕೈ ಹಿಂದೆಳೆದುಕೊಂಡು ಮತ್ತೆ ಒಡ್ಡಿ, “ನೂರಾ ಮೂರು” ಎಂದರು. ಮುಳ್ಳು ಜಪ್ಪಯ್ಯ ಅನ್ನಲಿಲ್ಲ.

ಸೊಸೆ ಪರದೆಯತ್ತ ಮತ್ತೊಮ್ಮೆ ಕಣ್ಣು ಹಾಯಿಸಿದಳು. ಮಾವನಿಗೆ ವಯಸ್ಸಾಯಿತು, ಕೈ ಸೋತಿದೆ. ಅದನ್ನು ಬಾಯಿ ಬಿಟ್ಟು ಹೇಳುವುದು ಹೇಗೆ? ಪರದೆಯನ್ನು ನಂಬಿ ಸಹಿ ಹಾಕಿದರೆ ಮನೆಗೆ ಹೋಗಿ ಅವರ ಮುಖ ನೋಡುವುದು ಹೇಗೆ?

ಬೆಟ್ಟದ ತುದಿಯಲ್ಲಿ ಗಾಡಿ ನಿಂತಾಗ ಎಂಜಿನಿಯರ್ ಲ್ಯಾಪ್‌ಟಾಪನ್ನು ಅವರತ್ತ ತಿರುಗಿಸಿದಳು. ಎಂಜಿನ್ನಿನ ಒಳಗಿನಿಂದ ಬಂದ ನಿಜವಾದ ಲೆಕ್ಕ ಅದರಲ್ಲಿತ್ತು. ತೊಂಬತ್ತೊಂದು. ತೊಂಬತ್ತಾರು. ನೂರಾ ನಾಲ್ಕು.

“ಒಂದು ತಪ್ಪಿತು,” ಎಂದು ಮಾವ ಪೇಚಾಡಿಕೊಂಡರು.

ಸೊಸೆ ಅವರ ಕೈಯತ್ತ ತಿರುಗಿದಳು. ಹತ್ತು ವರ್ಷ ಒಂದೇ ಸೂರಿನಡಿ ಇದ್ದು, ಆ ಕೈಗೆ ದಿನಾ ಕಾಫಿ ಲೋಟ ಕೊಟ್ಟಿದ್ದಳು. ಆ ಸುಟ್ಟ ಕಲೆಗಳ ಅಂಗೈಯನ್ನು ಅವಳು ಈಗ ಮೊದಲ ಸಲ ನೋಡುತ್ತಿದ್ದಳು. ಮಾವ ಮಾತ್ರ ಲ್ಯಾಪ್‌ಟಾಪಿನಿಂದ ಕಣ್ಣು ಕೀಳಲಿಲ್ಲ. ಕ್ಷಣಕ್ಷಣದ ಬಿಸಿ, ಎಣ್ಣೆ, ಗಾಳಿ, ಒಂದೊಂದು ಚಕ್ರದ ಸುತ್ತು, ಎಲ್ಲವೂ ಸಾಲುಸಾಲಾಗಿ ಇಳಿದು ಬರುತ್ತಿದ್ದವು.

“ಇಷ್ಟೂ ಇದಕ್ಕೆ ಗೊತ್ತಾ?” ಅವರ ದನಿ ತಗ್ಗಿತ್ತು. “ನನಗೆ ನಲವತ್ತು ವರ್ಷ ಬೇಕಾಯ್ತಲ್ಲಮ್ಮ, ಇದರಲ್ಲಿ ಒಂದನ್ನ ಕಲಿಯೋಕೆ.” ಕಣ್ಣು ಒದ್ದೆಯಾಗಿದ್ದನ್ನು ಅವರು ಮುಚ್ಚಿಡಲಿಲ್ಲ. ಆ ಸಾಲುಗಳತ್ತ ಬೆರಳು ತೋರಿಸಿ ಕೇಳಿದರು, “ಇಷ್ಟು ಗೊತ್ತಿದ್ದೂ ಇವಳಿಗೆ ಯಾಕೆ ಹೇಳಲಿಲ್ಲ?”

“ಮುಳ್ಳು ಚೂರು ಅಲುಗಿದ್ರೂ ಜನ ಹೆದರಿ ಫೋನ್ ಮಾಡ್ತಾರೆ ಸರ್,” ಎಂದಳು ಎಂಜಿನಿಯರ್. “ಅದಕ್ಕೇ ನೂರಾ ಹತ್ತರವರೆಗೂ ನಡುವೆಯೇ ನಿಲ್ಲಿಸಿರ್ತೀವಿ. ಆಮೇಲೆ ಕೆಂಪು ದೀಪ ಬರುತ್ತೆ.”

“ಅಷ್ಟು ಹೊತ್ತಿಗೆ ಇವಳು ಯಾವ ತಿರುವಲ್ಲಿ ಇರ್ತಾಳೋ. ಹೆದರ್ಲಿ ಬಿಡಮ್ಮ. ಹೆದರಿದ್ರೆ ತಾನೇ ನಿಲ್ಲಿಸೋದು.”

ಎಂಜಿನಿಯರ್ ಒಂದು ಗಳಿಗೆ ಆ ಅಂಗೈಯನ್ನೇ ನೋಡಿದಳು. ಆಮೇಲೆ ಲ್ಯಾಪ್‌ಟಾಪನ್ನು ತನ್ನತ್ತ ಎಳೆದುಕೊಂಡಳು. “ಆಸ್ಪತ್ರೆ ಗಾಡಿಗಳಿಗೆ ಇದನ್ನ ನಾನೇ ಬದಲಾಯಿಸಬಹುದು. ಎಷ್ಟಕ್ಕೆ ಮುಳ್ಳು ಅಲುಗಬೇಕು, ನೀವೇ ಹೇಳಿ ಸರ್.”

ಮಾವ ಕಣ್ಣು ಮುಚ್ಚಿದರು. “ತೊಂಬತ್ತೆಂಟು.”

ಅವಳು ಒತ್ತಿದಳು. ಯಂತ್ರ ಮುಂದೆ ಹೋಗದೆ ಒಂದು ಖಾಲಿ ಚೌಕ ತೋರಿಸಿತು. “ಯಾಕೆ ಬದಲಾಯಿಸ್ತಿದ್ದೀವಿ ಅಂತ ಕಾರಣ ಬರೀಬೇಕು ಸರ್. ಇಲ್ಲದಿದ್ರೆ ಒಪ್ಪಲ್ಲ ಇದು. ಏನಂತ ಬರೀಲಿ?”

ಮಾವ ಸ್ಟಿಯರಿಂಗ್ ಹಿಡಿದು ಕೂತಿದ್ದವಳತ್ತ ತಿರುಗಿದರು.

“ಓಡಿಸೋದು ನನ್ನ ಸೊಸೆ ಅಂತ ಬರಿ.”

ಎಂಜಿನಿಯರ್ ಒಂದಕ್ಷರ ತಿದ್ದದೆ ಹಾಗೆಯೇ ಬರೆದಳು. ಯಂತ್ರ ಒಪ್ಪಿತು. ಐದೂ ಗಾಡಿಗಳಿಗೆ ಅದೇ ಕಾರಣ ಹೋಯಿತು.