ಬಿಸಿನೀರು ಚರಂಡಿಗೆ ಹೋಯಿತು

ಕಳೆದ ಸೋಮವಾರ ದಾಗಿಸ್‌ನಿಂದ (ಇಲ್ಲಿನ ಶಿಶುವಿಹಾರ) ಬಂದ ಮಗಳು ಬೂಟು ಬಿಚ್ಚುತ್ತಲೇ ಹೇಳಿದಳು: “ಗೋಲ್ವೆತ್ ಎ ಕಾಲ್ತ್, ಅಮ್ಮ.” ನೆಲ ತಣ್ಣಗಿದೆಯಂತೆ.

ಕಾರಣ ನನಗೆ ಗೊತ್ತಿತ್ತು. ಅವಳಿಗೆ ಹೇಳಲು ಮನಸ್ಸಾಗಲಿಲ್ಲ.

ದಕ್ಷಿಣ ಸ್ವೀಡನ್ನಿನ ನಮ್ಮ ಪುಟ್ಟ ಊರಿನ ಈಜುಕೊಳವನ್ನು ಬೆಚ್ಚಗಿಡುವುದು ಭೂಮಿಯ ಆಳದಿಂದ ಎತ್ತುವ ಬಿಸಿನೀರು. ಕೆಲಸ ಮುಗಿದರೆ ಅದು ಚರಂಡಿಗೆ, ಅದೂ ಉಗುರುಬೆಚ್ಚಗಿರುವಾಗಲೇ. ಎತ್ತುವುದಷ್ಟೇ, ಮರಳಿಸುವುದಿಲ್ಲ. ಹೀಗಾದರೆ ಅಂತರ್ಜಲ ಎಷ್ಟು ಕಾಲ ಬಾಳೀತು?

ಈ ಪ್ರಶ್ನೆ ಕೇಳಿದವಳು ಸುಮನಾ. ದಾವಣಗೆರೆಯವಳು, ಇಲ್ಲಿಗೆ ಹತ್ತಿರದ ಯೂನಿವರ್ಸಿಟಿಯಲ್ಲಿ ಸಂಶೋಧಕಿಯಾಗಿದ್ದಳು. ಕೇಳಿ ಸುಮ್ಮನಾಗಲಿಲ್ಲ, ಪೈಪ್ ಹಾಕಿಸಿದಳು. ಈಜುಕೊಳ ಬಿಟ್ಟ ನೀರು ಪಕ್ಕದ ದಾಗಿಸ್‌ನ ನೆಲದಡಿ ಸುತ್ತಾಡಿ, ಉಳಿದ ಶಾಖವನ್ನೂ ಕೊಟ್ಟು, ಇನ್ನೊಂದು ಕೊಳವೆಬಾವಿಯಿಂದ ಭೂಮಿಗೆ ಇಳಿಯುತ್ತಿತ್ತು. ಹೋದ ಚಳಿಗಾಲ ಹೊರಗೆ ಹಿಮ, ಒಳಗೆ ಬರಿಗಾಲಲ್ಲಿ ಹೊರಳಾಡುವ ಮಕ್ಕಳು.

ಹಾಗಾದರೆ ನಿಂತದ್ದೇಕೆ?

ಸುಮನಾಳ ಪ್ರಾಜೆಕ್ಟ್ ಮುಗಿಯಿತು. ಇನ್ನು ಪೈಪ್ ನೋಡಿಕೊಳ್ಳುವವರು ಯಾರು? ಕೊಮ್ಯೂನ್ (ನಮ್ಮ ಮುನಿಸಿಪಾಲಿಟಿ ಇದ್ದಂತೆ) ಮೀಟಿಂಗ್ ಕರೆಯಿತು. ಪೋಷಕರ ಪರವಾಗಿ ನಾನೂ ಹೋದೆ. ಕಾಫಿ, ದಾಲ್ಚಿನ್ನಿ ಬನ್ನು, ನಗುಮುಖ.

“ಬಹಳ ಒಳ್ಳೆಯ ಕೆಲಸ. ಆದರೆ ಕಟ್ಟಡದ ಹೊರಗಿನ ಪೈಪ್ ನಮ್ಮದಲ್ಲ” ಎಂದರು ಈಜುಕೊಳದ ವಿಭಾಗದವರು.

“ನಮಗೂ ತುಂಬಾ ಇಷ್ಟ. ಆದರೆ ಬಾವಿ ನಮ್ಮ ವ್ಯಾಪ್ತಿಗೆ ಬರುವುದಿಲ್ಲ” ಎಂದರು ದಾಗಿಸ್ ನಡೆಸುವ ವಿಭಾಗದವರು.

ಮುಂದಿನ ಮೀಟಿಂಗಿನಲ್ಲೂ ಅದೇ ಮಾತು. (ಬನ್ನು ಮಾತ್ರ ಬೇರೆ.)

ಹೊಣೆ ಹೊರುವವರಿಲ್ಲದೆ ಕೊನೆಗೆ ದಾಗಿಸ್‌ಗೆ ನೀರು ಬಿಡುವ ವಾಲ್ವ್ ಮುಚ್ಚಬೇಕಾಗಿ ಬಂದ ದಿನ ಸುಮನಾಳ ಜೊತೆ ನಾನೂ ಈಜುಕೊಳದ ನೆಲಮಾಳಿಗೆಗೆ ಇಳಿದೆ. ಅವಳು ಪೈಪಿನ ಮೇಲೆ ಅಂಗೈ ಇಟ್ಟಳು.

“ಯಾರಾದ್ರೂ ಬೇಡ ಅಂದಿದ್ರೆ ಜಗಳ ಆಡ್ತಿದ್ದೆ ಅಕ್ಕಾ” ಎಂದಳು. “ಎಲ್ರೂ ಸೂಪರ್ ಅಂದ್ರು. ಯಾರ ಹತ್ರ ಆರ್ಗ್ಯೂ ಮಾಡ್ಲಿ?”

“ಇನ್ನೊಂದ್ಸಲ ಕೇಳಿ ನೋಡೋಣ್ವಾ?”

“ನಾಳೆ ಊರಿಗೆ ನನ್ನ ಫ್ಲೈಟ್. ಕೇಳಿದ್ರೂ ಇನ್ನೊಂದು ಮೀಟಿಂಗ್ ಇಡ್ತಾರೆ, ಅಷ್ಟೆ.”

ವಾಲ್ವ್ ತಿರುಗಿಸಿದಳು. ಗೋಡೆಯಾಚೆ ನೀರು ಚರಂಡಿಗೆ ಬೀಳುವ ಸದ್ದು ಶುರುವಾಯಿತು. ಅವಳು ಮುಖ ಆಚೆ ತಿರುಗಿಸಿಕೊಂಡಳು.

ಈ ವಾರ ದಾಗಿಸ್‌ಗೆ ಕರೆಂಟ್ ಹೀಟರ್ ತಂದಿಟ್ಟಿದ್ದಾರೆ. ನಿನ್ನೆ ಬಸ್‌ಸ್ಟಾಪಿನಲ್ಲಿ ಸಿಕ್ಕ ಕೊಮ್ಯೂನ್ ಅಧಿಕಾರಿಯೊಬ್ಬರು, ಎಂಥ ಚೆಂದದ ಯೋಜನೆಯಾಗಿತ್ತು ಅದು ಎಂದು ನಿಜಕ್ಕೂ ಬೇಸರಪಟ್ಟುಕೊಂಡರು.

ಎಲ್ಲರೂ ಮೆಚ್ಚಿದ ಆ ಕೆಲಸವನ್ನು ಹಾಗಾದರೆ ನಿಲ್ಲಿಸಿದವರು ಯಾರು?